ಡಬ್ಬ ಬಡಿಯುವ ಕೈ

ಗೌಜಲಕ್ಕಿಗಳು ಹಾರಲಿಲ್ಲ. ಕುಮಾರನಿಗೆ ಬಂದ ಕಷ್ಟ ಅದೇ.

ಅರಕೆರೆಯ ನಾಲೆ ಪಕ್ಕದ, ಕಬ್ಬು ಕಡಿದ ನಮ್ಮ ಗದ್ದೆಗೆ ಅವನು ಬೆಳಿಗ್ಗೆ ಎರಡು ಬುಟ್ಟಿ ಹಕ್ಕಿ ಬಿಟ್ಟಿದ್ದ. ನಮ್ಮ ಶೆಡ್ಡಿನಲ್ಲಿ ಮರಿಯಿಂದ ನಾನೇ ಸಾಕಿದವು. ರೆಸಾರ್ಟಿನಿಂದ ಬಂದ ನಾಲ್ವರು ಏರ್‌ಗನ್ನು ಹಿಡಿದು ಬದುವಿನ ಮೇಲೆ ಕಾಯುತ್ತಿದ್ದರು. ಹಕ್ಕಿ ಏಳಬೇಕು, ಅವರು ಹೊಡೆಯಬೇಕು, ಇದು ಆಟ. ಪಂಜರ ಬಿಟ್ಟು ಬೇರೇನೂ ಕಾಣದ ಹಕ್ಕಿಗಳು ಕಬ್ಬಿನ ತರಗಿನೊಳಗೆ ನುಗ್ಗಿ ಕುಳಿತುಬಿಟ್ಟವು.

ಕುಮಾರ್ ನನ್ನ ಮೈದುನ. ಶನಿವಾರದ ಈ ಶಿಕಾರಿ ಅವನದೇ ಆಲೋಚನೆ. ಬೆವರುತ್ತಾ ಮನೆಗೆ ಬಂದ.

“ಅತ್ತಿಗೆ, ಡಬ್ಬ ತಕ್ಕೊಂಡು ಒಸಿ ಬನ್ನಿ.”

ಯಾವ ಡಬ್ಬ ಎಂದು ನಾನು ಕೇಳಲಿಲ್ಲ. ದಿನವೂ ಫೀಡು ಹಾಕುವ ಮೊದಲು ತಗಡಿನ ಡಬ್ಬವನ್ನು ಚಮಚದಿಂದ ಬಡಿಯುತ್ತೇನೆ. ಆ ಸದ್ದಿಗೆ ಎಲ್ಲವೂ ಓಡಿ ಬಂದು ನನ್ನ ಕಾಲಿಗೆ ಮುತ್ತಿಕೊಳ್ಳುತ್ತವೆ.

“ಅವ್ರ ಹಿಂದೆ ನಿಂತ್ಕೊಂಡು ಬಡೀರಿ ಸಾಕು. ಅವೇ ಈಚೆಗೆ ಬಂದ್ಬುಡ್ತವೆ.”

“ಬಂದ್ರೆ ಹೊಡೀತಾರೆ.”

“ಇನ್ನೇನು, ಹಾರ ಹಾಕ್ತಾರಾ? ಫಾರಂ ಹಕ್ಕಿ ಕಣತ್ತಿಗೆ, ಕಾಡಕ್ಕಿ ಅಲ್ಲ.”

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಅಣ್ಣಮ್ಮ ನಕ್ಕರು. “ಓದ್ಕೊಂಡೋಳ ಕರುಣೆ ನೋಡ್ಲಾ ಕುಮಾರ. ಮೊನ್ನೆ ಇದೇ ಹಕ್ಕಿ ಸಾರು ಎರಡು ಸಲ ಬಡಿಸ್ಕಂಡು ಉಂಡ್ಲು.”

ಅದು ನಿಜ. ಕುಯ್ದವಳೂ ನಾನೇ.

“ಕುಯ್ಯೋ ದಿನ ನಾನು ಡಬ್ಬ ಬಡಿಯಲ್ಲ ಅತ್ತೆ. ಪಂಜರಕ್ಕೆ ಕೈ ಹಾಕಿ ಹಿಡೀತೀನಿ. ಆ ಸದ್ದು ಮೇವಿಗೆ ಮಾತ್ರ.”

“ಹಕ್ಕಿಗೇನು ಗೊತ್ತಾದದು ಅದೆಲ್ಲ?”

“ನನಗೆ ಗೊತ್ತಲ್ಲ.”

ಅತ್ತೆ ಮತ್ತೆ ಕಾಯಿಯ ಕಡೆ ತಿರುಗಿದರು. ಕುಮಾರ್ ಗೂಟಕ್ಕೆ ನೇತುಹಾಕಿದ್ದ ಡಬ್ಬಕ್ಕೆ ಕೈ ಚಾಚಿದ. “ಬುಡಿ ಅತ್ತಿಗೆ, ನಾನೇ ಬಡೀತೀನಿ. ಅವಕ್ಕೆ ಸದ್ದಾದ್ರೆ ಆಯ್ತು.”

ಅವನು ಹೇಳಿದ್ದು ಸರಿ. ಯಾರ ಕೈ ಎಂದು ಅವು ನೋಡುವುದಿಲ್ಲ. ನಾನು ಮನೆಯಲ್ಲೇ ಉಳಿದರೂ ನನ್ನ ಸದ್ದು ಗದ್ದೆಗೆ ಹೋಗುತ್ತದೆ. ಡಬ್ಬವನ್ನು ಅವನಿಗಿಂತ ಮೊದಲೇ ತೆಗೆದುಕೊಂಡು ಅದರ ತುಂಬ ಫೀಡು ಸುರಿದೆ.

“ನಡಿ, ನಾನೇ ಬರ್ತೀನಿ.”

“ಅಂಗನ್ನಿ ಮತ್ತೆ,” ಎಂದು ಖುಷಿಯಿಂದ ಮುಂದೆ ನಡೆದ.

ಬದುವಿನ ಬಳಿ ನಾನು ನಿಲ್ಲಲಿಲ್ಲ. ಗನ್ನುಗಳ ಬಾಯಿ ಯಾವ ಕಡೆ ಇದೆ ಎಂದು ಒಂದೊಂದನ್ನೇ ನೋಡಿಕೊಂಡು, ಅವುಗಳ ಮುಂದೆಯೇ ಇಳಿದು ಗದ್ದೆಯ ನಡುವೆ ಹೋದೆ. ಕಬ್ಬಿನ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಅಲ್ಲೇ ಕುಳಿತು ಡಬ್ಬ ಬಡಿದೆ.

ತರಗು ಅಲುಗಿತು. ಒಂದು ಬಂತು, ಆಮೇಲೆ ಎಲ್ಲ ಕಡೆಯಿಂದಲೂ ಓಡಿ ಬಂದವು. ಫೀಡನ್ನು ಸುತ್ತ ಚೆಲ್ಲಿದೆ. ಕೆಲವು ಸೆರಗಿನ ಮೇಲೆ ಹತ್ತಿದವು.

“ಮೇಡಂ, ಸ್ವಲ್ಪ ಸೈಡಿಗೆ ಬರ್ತೀರಾ?” ಎಂದ ಟೋಪಿ ಹಾಕಿಕೊಂಡವನು.

“ಇಲ್ಲ.”

“ಅತ್ತಿಗೆ, ಬಂದೋರ ಮುಂದೆ ಮಾನ ಕಳೀಬ್ಯಾಡಿ. ಏಳಿ,” ಎಂದ ಕುಮಾರ್.

“ನೀನು ಕರಿ ಅಂದೆ, ಕರೆದಿದ್ದೀನಿ. ಊಟಕ್ಕೆ ಬಂದಿವೆ.”

ಯಾರೋ ಒಬ್ಬ ನಕ್ಕ. ಟೋಪಿಯವನು ಮಾತ್ರ ಗನ್ನು ಇಳಿಸಲಿಲ್ಲ. ಇನ್ನೊಂದು ಹಿಡಿ ಫೀಡು ಚೆಲ್ಲಿದೆ. ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಅವನೇ ಬೇರೆ ಕಡೆ ನೋಡಿದ. ಗನ್ನು ಇಳಿಯಿತು. ನಾಲ್ವರೂ ಗೊಣಗುತ್ತಾ ಕಾರಿನ ಕಡೆ ಹೋದರು.

ಕುಮಾರ್ ಖಾಲಿ ಬುಟ್ಟಿಗಳನ್ನು ಬದುವಿನಿಂದ ನನ್ನತ್ತ ಎಸೆದ. “ಬರೋ ಶನಿವಾರ ಏನ್ಮಾಡ್ತೀರೋ ನೋಡ್ತೀನಿ.”

“ಇಲ್ಲೇ ಕೂತಿರ್ತೀನಿ, ಬಂದು ನೋಡು.”

“ಸರಿ, ಈಗ ತುಂಬ್ಕೊಳಿ ಹಕ್ಕಿನ. ನಾಯಿ ಬತ್ತವೆ.”

“ತುಂಬ್ತೀನಿ,” ಎಂದೆ. “ಮೊದಲು ತಿಂದು ಮುಗಿಸಲಿ.”