ಸೋಪಿಗೆ ಹೋಗದ ಶಿಲುಬೆ

ಗುರುವಾರ ಮಧ್ಯಾಹ್ನ ಗಲೀಲಾ ಔಷಧದಂಗಡಿಗೆ ಬಂದು, ಒಳಗೆ ನಿಂತಿರುವವಳು ತನ್ನ ಸೊಸೆ ಎಂಬುದನ್ನೇ ಮರೆತವಳ ಹಾಗೆ ಗಿರಾಕಿಗಳ ಹಿಂದೆ ನಿಂತಳು. ಸರದಿ ಬಂದಾಗ ಗಾಜಿನ ಮೇಲೆ ಮೊಣಕೈ ಊರಿ ಕೇಳಿದಳು.

"ಸ್ಪಿರಿಟ್ಟು, ಹತ್ತಿ, ಪ್ಲಾಸ್ಟರು. ಆಮೇಲೆ ಡಾಕ್ಟರುಗಳು ಹಾಕ್ಕೊಳ್ತಾರಲ್ಲ ರಬ್ಬರ್ ಗ್ಲೌಸು, ಅದೊಂದು ಜೊತೆ. ಎಲ್ಲಾ ಹೊಸದು ಕೊಡು, ಬಿಚ್ಚಿರೋದು ಬೇಡ."

"ಯಾರಿಗೇನಾಯ್ತು ಅತ್ತೆ?" ಎಂದಳು ಸಾಮ್ಯಾ.

"ಏನೂ ಆಗಬಾರದು ಅಂತಲೇ ತಗೊಳ್ತಿರೋದು."

ಹಿಂದೆ ನಿಂತವರು ಕೆಮ್ಮಿದರು. ಸಾಮ್ಯಾ ಹೆಚ್ಚು ಕೇಳದೆ ಕಟ್ಟಿಕೊಟ್ಟಳು. ಅತ್ತೆಯ ಕಾಲಿನ ಹಳೆಯ ಹುಣ್ಣು ಮತ್ತೆ ಒಡೆದಿರಬೇಕು, ಹೇಳಿದರೆ ಬೈಸಿಕೊಳ್ಳಬೇಕಲ್ಲ ಎಂದು ಮುಚ್ಚಿಡುತ್ತಿದ್ದಾಳೆ ಎಂದುಕೊಂಡಳು.

ಮಾರನೆಯ ದಿನ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಕೆಳಮನೆಯ ಹೆಂಗಸು ಬದನೆಕಾಯಿ ಕರಿಯುತ್ತಿದ್ದವಳು ತಲೆ ಹೊರಹಾಕಿದಳು. ಕನ್ಯಾಮಾತೆಯ ಉಪವಾಸದ ದಿನಗಳವು, ಇಡೀ ಓಣಿಯಲ್ಲಿ ಅದೇ ವಾಸನೆ.

"ಮುಬಾರಕ್ ಸಾಮ್ಯಾ! ಅಂತೂ ಒಪ್ಪಿದೆಯಲ್ಲ. ನಿಮ್ಮತ್ತೆ ಮಗೂನ ಕರ್ಕೊಂಡು ನದಿಯಾಚೆ ಮಠಕ್ಕೆ ಹೋದ್ರು. ಗ್ಲೌಸು ತೋರಿಸಿದ್ರು ನೋಡು, ಆಪರೇಷನ್ ಮಾಡೋಕೆ ಹೊರಟೋರ ಹಾಗೆ!"

ಸಾಮ್ಯಾ ಹತ್ತಿದ ಮೆಟ್ಟಿಲನ್ನೇ ಇಳಿದಳು. ಕಾಲಿನ ಹುಣ್ಣಲ್ಲ. ಮಠದಲ್ಲಿ ಹಾಕುವ ಹಚ್ಚೆ.

ದೋಣಿಕಟ್ಟೆಗೆ ಹೋಗುವ ವ್ಯಾನಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಾಗ ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಬಂದದ್ದು ಸಿಟ್ಟಿಗಿಂತ ಕಷ್ಟದ್ದು. ತಪ್ಪು ಅತ್ತೆಯದಾಗಿರಲಿಲ್ಲ. ಯುಸ್ತೀನಾ ಹುಟ್ಟಿದಾಗಿನಿಂದ ಅತ್ತೆ, ನಮ್ಮ ಸಭೆಯವರಿಗೆಲ್ಲ ಇರುವ ಹಾಗೆ ಮಗುವಿನ ಬಲ ಮಣಿಕಟ್ಟಿಗೂ ಶಿಲುಬೆ ಚುಚ್ಚಿಸೋಣ ಎಂದಾಗೆಲ್ಲ ಸಾಮ್ಯಾ ಹೇಳಿದ್ದು ಒಂದೇ ಮಾತು: ಸೂಜಿ ಶುದ್ಧವಿರಲ್ಲ ಅತ್ತೆ, ಕಾಮಾಲೆ ಹರಡುತ್ತೆ. ಔಷಧದಂಗಡಿಯವಳ ಮಾತು, ಯಾರೂ ಎದುರಾಡುವಂತಿರಲಿಲ್ಲ. ಗಂಡ ವಗೀಹ್ ಕೂಡ, "ಅವಳಿಗೆ ಗೊತ್ತಿರುತ್ತೆ ಬಿಡಮ್ಮ" ಎಂದು ಸುಮ್ಮನಾಗಿದ್ದ. ಆ ನೆಪವನ್ನು ಗಲೀಲಾ ನಿಜವೆಂದೇ ನಂಬಿದ್ದಳು. ನಂಬಿ, ಅದಕ್ಕೆ ಬೇಕಾದ್ದನ್ನೆಲ್ಲ ಸೊಸೆಯ ಕೈಯಿಂದಲೇ ಕೊಂಡಿದ್ದಳು.

ನಿಜವಾದ ಕಾರಣ ಸಾಮ್ಯಾಳ ಅಪ್ಪ.

ಅಪ್ಪ ಹಬೀಬ್ ಸುವಾರ್ತಾ ಸಭೆಯ ಬೋಧಕ. ಚಿತ್ರಪಟವಿಲ್ಲದ, ಧೂಪವಿಲ್ಲದ, ಬಿಳಿ ಗೋಡೆಯ ಸಭೆ. ಅಲ್ಲಿ ಯಾರ ಕೈಯಲ್ಲೂ ಶಿಲುಬೆ ಇರಲಿಲ್ಲ. ಮೈಗೆ ಹಚ್ಚೆ ಬೇಡವೆಂದು ಮೋಶೆಯ ಕಾಲದಿಂದಲೂ ಇದೆ ಎನ್ನುತ್ತಿದ್ದರು. ಎರಡನೇ ತರಗತಿಯಲ್ಲಿದ್ದಾಗ, ಪಕ್ಕದಲ್ಲಿ ಕೂರುವ ಹುಡುಗಿಯ ಮಣಿಕಟ್ಟನ್ನು ನೋಡಿ ನೋಡಿ ಆಸೆಯಾಗಿ, ಸಾಮ್ಯಾ ಬಾಲ್‌ಪೆನ್ನಿನಲ್ಲಿ ತನಗೂ ಒಂದು ಬರೆಸಿಕೊಂಡು ಬಂದಿದ್ದಳು. ಅಪ್ಪ ಗದರಲಿಲ್ಲ. ನಲ್ಲಿಯ ಬಳಿ ಕೂರಿಸಿಕೊಂಡು, ಸೋಪು ಹಚ್ಚಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. "ದೇವರಿಗೆ ಎದೆಯೊಳಗೆ ಓದೋಕೆ ಬರುತ್ತೆ ಮಗಳೇ, ಚರ್ಮದ ಮೇಲೆ ಯಾಕೆ ಬರೀಬೇಕು?" ಅಳಿಸಬೇಡಪ್ಪ ಎಂದು ಅವಳ ಬಾಯಿಗೆ ಬಂದಿತ್ತು. ಆದರೆ ಆ ಹೆಬ್ಬೆರಳು ಅಷ್ಟು ಮೃದುವಾಗಿತ್ತು, ಸುಮ್ಮನೆ ಕೈ ಕೊಟ್ಟು ಕೂತಿದ್ದಳು.

ಮದುವೆಗೆ ಮುಂಚೆ ಗಂಡನ ಮನೆಯವರ ಪುರಾತನ ಸಭೆಯವರು ಅವಳಿಗೆ ಮತ್ತೊಮ್ಮೆ ದೀಕ್ಷಾಸ್ನಾನ ಆಗಬೇಕೆಂದಾಗಲೂ ಅಪ್ಪ ತಡೆಯಲಿಲ್ಲ. "ನೀರು ಒಣಗುತ್ತೆ, ಹೋಗಿ ಬಾ. ಹಚ್ಚೆ ಮಾತ್ರ ಬೇಡ," ಎಂದಿದ್ದರು. ಅವರು ಅವಳಿಂದ ಕೇಳಿದ್ದು ಅದೊಂದನ್ನೇ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಇಂದಿಗೂ ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ಕಾವಲಿನವನು ಶಿಲುಬೆ ಇದೆಯೇ ಎಂದು ಎಲ್ಲರ ಮಣಿಕಟ್ಟು ನೋಡಿ ಒಳಗೆ ಬಿಡುವಾಗ, ಅವಳ ಬರಿಯ ಕೈ ಕಂಡು ತಡೆಯುತ್ತಿದ್ದ. ಗಲೀಲಾ ಹಿಂದಿನಿಂದ, "ನಮ್ಮನೆಯವಳು ಕಣಯ್ಯಾ, ವಾರವಾರಾ ಮರೀತೀಯ, ಊಟ ಮಾಡೋದು ಮರೀತೀಯಾ?" ಎಂದು ಕೂಗುತ್ತಿದ್ದಳು. ಆ ತಡೆಯುವ ಗಳಿಗೆಯಲ್ಲಿ ಸಾಮ್ಯಾಳಿಗೆ ಅವಮಾನವಾಗುತ್ತಿರಲಿಲ್ಲ. ಅಪ್ಪ ಕೈ ಹಿಡಿದ ಹಾಗಾಗುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಮಠದ ಅಂಗಳದಲ್ಲಿ, ಗೋಡೆಯ ನೆರಳಲ್ಲಿ ಇಬ್ಬರೂ ಕೂತಿದ್ದರು. ಯುಸ್ತೀನಾ ಅಜ್ಜಿಯ ತೊಡೆಯ ಮೇಲೆ, ಕಬ್ಬಿನ ತುಂಡು ಚೀಪುತ್ತ. ಅವಳ ಬಲ ಮಣಿಕಟ್ಟಿಗೆ ದಪ್ಪ ಹತ್ತಿ, ಮೇಲೆ ಪ್ಲಾಸ್ಟರು.

ಸಾಮ್ಯಾ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು.

"ನನ್ನ ಕೇಳಬೇಕಿತ್ತು ಅತ್ತೆ! ನನ್ನ ಮಗಳು ಅವಳು!"

"ಯಾಕೇ ಕೂಗ್ತೀಯ? ಎಲ್ಲಾ ಶುದ್ಧವಾಗಿ..."

"ಸೂಜಿಗಲ್ಲ ಅತ್ತೆ ನಾನು ಬೇಡ ಅಂದಿದ್ದು! ಸುಳ್ಳು ಹೇಳಿದ್ದೆ. ನಮ್ಮಪ್ಪ ಬೇಡ ಅಂದಿದ್ರು. ಅವರು ಕೇಳಿದ್ದು ಅದೊಂದೇ. ನನ್ನ ಕೈಯಲ್ಲಿದ್ದಿದ್ದನ್ನ ಅವರೇ ತೊಳೆದಿದ್ರು. ಇದನ್ನ ಯಾರು ತೊಳೀತಾರೆ ಈಗ?"

ಮಗುವಿನ ಕೈ ಹಿಡಿದು ಪ್ಲಾಸ್ಟರು ಬಿಡಿಸಿದಳು. ಹತ್ತಿ ತೆಗೆದಳು. ಕೆಳಗೆ ಮಗುವಿನ ಬರಿಯ ಚರ್ಮ, ಅದರಡಿ ನೀಲಿ ನರ, ಅಷ್ಟೇ.

"ನಂದು ಬಿಚ್ಚಬೇಡ!" ಎಂದು ಯುಸ್ತೀನಾ ಅಳತೊಡಗಿದಳು. "ಅಜ್ಜೀದೇ ಥರ ನಂಗೂ ಕಟ್ಟಿದ್ದು!"

ಆಗ ಸಾಮ್ಯಾ ಅತ್ತೆಯ ಕೈ ನೋಡಿದಳು, ಅಲ್ಲಿ ಕಟ್ಟಿದ್ದ ಹತ್ತಿ ಸರಿದುಹೋಗಿತ್ತು. ಮಸುಕಾಗಿ ಹಸಿರು ಮಚ್ಚೆಯಂತಾಗಿದ್ದ ಗಲೀಲಾಳ ಹಳೆಯ ಶಿಲುಬೆಯ ಮೇಲೆ, ಅಂಚು ಊದಿಕೊಂಡು ಕಪ್ಪಗೆ ಹೊಳೆಯುವ ಹೊಸ ಶಿಲುಬೆ.

"ಹಚ್ಚೆಯವನ ಯಂತ್ರ ಗುಂಯ್ ಅಂದ ತಕ್ಷಣ ಇವಳು ಕೈ ಕೊಡಲ್ಲ ಅಂತ ಹಟ ಹಿಡಿದ್ಲು," ಎಂದಳು ಗಲೀಲಾ, ಸಿಕ್ಕಿಬಿದ್ದ ಹುಡುಗಿಯ ಹಾಗೆ. "ನೋವಾಗಲ್ಲ ನೋಡು ಅಂತ ನನ್ನ ಕೈ ಒಡ್ಡಿದೆ. ನೋವಾಯ್ತು ಕಣೇ! ಕಿರುಚಿಬಿಟ್ಟೆ. ಆಮೇಲೆ ಯಾವ ಮಗು ಕೈ ಕೊಡುತ್ತೆ?"

ಸಾಮ್ಯಾಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ನೆಲದ ಮೇಲೇ ಕೂತಳು.

"ನಿಮ್ಮಪ್ಪ ಬೇಡ ಅಂದಿದ್ರು ಅಂತ ಮೊದಲೇ ಹೇಳೋದಲ್ವೇನೇ," ಎಂದಳು ಗಲೀಲಾ. "ನಾನೇನು ರಾಕ್ಷಸೀನಾ? ಅವರು ಮನೆಗೆ ಬಂದಾಗೆಲ್ಲ ನನ್ನ ಈ ಕೈಯನ್ನೇ ಎರಡೂ ಕೈಲಿ ಹಿಡ್ಕೊಂಡು ಮಾತಾಡೋರು. ಒಂದು ದಿನಾನೂ ಮುಖ ತಿರುಗಿಸಲಿಲ್ಲ."

"ನೀವು ಬೇಜಾರು ಮಾಡ್ಕೊಳ್ತೀರ ಅಂತ..."

"ಈಗೇನು ಕುಣೀತಿದ್ದೀನಾ?" ಅತ್ತೆ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ನಂಗೆ ಇವಳಷ್ಟೇ ವಯಸ್ಸಿದ್ದಾಗ ಅಸ್ಯೂತ್ ಸ್ಟೇಷನ್ನಿನಲ್ಲಿ ಅಪ್ಪನ ಕೈ ತಪ್ಪಿಹೋಯ್ತು. ಊರು ಯಾವುದೇ ಅಂದ್ರೆ 'ಮನೆ' ಅಂತಿದ್ದೆ, ಅಪ್ಪನ ಹೆಸರು ಅಂದ್ರೆ 'ಅಪ್ಪ'. ಒಬ್ಬಳು ಹೆಂಗಸು ನನ್ನ ಕೈ ತಿರುಗಿಸಿ ನೋಡಿದ್ಲು. ಅವಳು ನಮ್ಮವಳಲ್ಲ, ಮುಸ್ಲಿಮರವಳು. ಶಿಲುಬೆ ಕಂಡು ಸೀದಾ ಚರ್ಚಿನ ಬಾಗಿಲಿಗೆ ಎತ್ಕೊಂಡು ಹೋಗಿ ಬಿಟ್ಲು. ಅಲ್ಲಿಗೇ ಬಂದ ಅಪ್ಪ, ಅಳ್ತಾ. ಅವತ್ತಿಂದ ನಂಗೆ ಅದು ಮೈಮೇಲಿನ ಬರಹ ಅಲ್ಲ ಸಾಮ್ಯಾ. ಮನೆಯ ವಿಳಾಸ. ಇವಳ ಬರಿಗೈ ನೋಡಿದಾಗೆಲ್ಲ ನಂಗೆ ಆ ಸ್ಟೇಷನ್ನೇ ಕಾಣುತ್ತೆ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಸಾಮ್ಯಾ ಈ ಕತೆ ಕೇಳಿರಲಿಲ್ಲ. ತಾನು ಅಪ್ಪನ ಕತೆ ಹೇಳಿರಲಿಲ್ಲ, ಅತ್ತೆ ಸ್ಟೇಷನ್ನಿನ ಕತೆ ಹೇಳಿರಲಿಲ್ಲ. ಇಬ್ಬರೂ ಸೂಜಿಯ ಬಗ್ಗೆ ಜಗಳವಾಡಿದ್ದರು.

"ಕೈ ತೋರಿಸಿ," ಎಂದಳು. ಹಸಿ ಗಾಯಕ್ಕೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. "ಯಾರು ಹೇಳಿದ್ದು ಹತ್ತಿ ಇಡೋಕೆ? ಬನ್ನಿ, ತೊಳೀಬೇಕು."

ಅಂಗಳದ ನಲ್ಲಿಯ ಬಳಿ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ, ಕೈಚೀಲದಿಂದ ಸೋಪು ತೆಗೆದಳು. ನೊರೆ ಮಾಡಿ, ಹೆಬ್ಬೆರಳಿನಿಂದ ಮೆಲ್ಲಗೆ, ಒಂದೊಂದೇ ಎಳೆ ಬಿಡಿಸುತ್ತ ಉಜ್ಜಿದಳು. ಈ ಚಲನೆ ತನ್ನ ಬೆರಳಿಗೆ ಎಲ್ಲಿಂದ ಬಂತು ಎಂಬುದು ಅವಳಿಗೆ ತಟ್ಟನೆ ಹೊಳೆಯಿತು. ಆದರೂ ಉಜ್ಜುತ್ತಲೇ ಇದ್ದಳು.

"ಮೆಲ್ಲಗೇ, ನಿಮ್ಮಪ್ಪನ ಹಾಗೆ ಅಳಿಸಿಬಿಟ್ಟೀಯ," ಎಂದಳು ಗಲೀಲಾ.

ಯುಸ್ತೀನಾ ಬಗ್ಗಿ ನೋಡುತ್ತಿದ್ದಳು. "ಅಮ್ಮಾ, ಹೋಗ್ತಾನೇ ಇಲ್ಲ?"

"ಇಲ್ಲ ಪುಟ್ಟಾ. ಇದು ಹೋಗಲ್ಲ." ನೀರು ಸುರಿದು, ತನ್ನ ತಲೆವಸ್ತ್ರದಿಂದ ಒತ್ತಿ ಒರೆಸಿದಳು. "ಅತ್ತೆ, ಅವಳು ದೊಡ್ಡವಳಾಗಿ, ತಾನಾಗಿ ಬೇಕು ಅಂತ ಕೇಳಿದ ದಿನ ನಾನೇ ಕರ್ಕೊಂಡು ಬರ್ತೀನಿ. ಅಪ್ಪನಿಗೆ ನಾನೇ ಸಮಾಧಾನ ಹೇಳ್ಕೊಳ್ತೀನಿ. ಕೇಳದಿದ್ರೆ ಬೇಡ. ನೀವೂ ಜೊತೆಗೆ ಬರಬೇಕು."

"ಅಲ್ಲೀತನಕ ನಾನಿರ್ತೀನಾ?"

"ಹೊಸದಾಗಿ ಹಾಕಿಸ್ಕೊಂಡು ಅಷ್ಟು ಬೇಗ ಹೋಗ್ತೀರಾ?"

ಗಲೀಲಾ ಎದ್ದು, ಕಪ್ಪು ಉಡುಪಿನ ಧೂಳು ಕೊಡವಿಕೊಂಡಳು. ದೋಣಿಗೆ ಇಳಿಯುವ ದಾರಿಯಲ್ಲಿ ಶುಕ್ರವಾರದ ಜನ ನೂಕಾಡುತ್ತಿದ್ದರು. ಅವಳು ಮೊಮ್ಮಗಳ ಬರಿಯ ಕೈ ಹಿಡಿದು, ಮಣಿಕಟ್ಟಿನ ಒಳಮೈಗೆ ಒಂದು ಮುತ್ತು ಕೊಟ್ಟು, ಆ ಕೈಯನ್ನು ಸೊಸೆಯ ಕೈಯಲ್ಲಿಟ್ಟಳು.

"ಹಾಗಾದ್ರೆ ಅಲ್ಲೀತನಕ ನೀನು ಬಿಡಬೇಡ," ಎಂದಳು. "ಗಟ್ಟಿಯಾಗಿ ಹಿಡ್ಕೋ."