ಅರವತ್ತೊಂದು ಹೆಸರು

ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನ ಹೊತ್ತಿಗೇ ನೀರು ಬಂತು. ಎದ್ದು ಬಕೆಟ್ ಇಟ್ಟೆ. ನನ್ನ ಗಂಡನ ಅಂತ್ಯಕ್ರಿಯೆ ಮುಗಿದು ಎಂಟು ದಿನವಾಗಿತ್ತು. ಅತ್ತೆ ಇಸ್ತ್ರಿಗೆಂದು ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದರು. ಮಗನ ಅಂಗಿಗಳ ಅಡಿಯಲ್ಲಿ ಕೆಂಪು ರಟ್ಟಿನ ದೊಡ್ಡ ಪುಸ್ತಕವೊಂದಿತ್ತು.

"ಇದು ಶಾಲೇದಲ್ವೇನೇ? ಮನೆಗೆ ತರೋ ಹಾಗಿಲ್ಲ ಅಂತ ಅವನೇ ಹೇಳ್ತಿದ್ದ" ಎಂದರು ಅತ್ತೆ.

ಅದು ದಾಖಲಾತಿ ಪುಸ್ತಕ. ಯಾವ ಮಗು ಎಂದು ಸೇರಿತು, ಮನೆಮಾತು ಯಾವುದು, ಅಪ್ಪ ಅಮ್ಮನ ಕೆಲಸವೇನು, ಎಂದು ಬಿಟ್ಟಿತು, ಎಲ್ಲವೂ ಅದರಲ್ಲಿರುತ್ತದೆ. ನನ್ನ ಗಂಡ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿಯ ಮೇಷ್ಟ್ರು. ಎರಡು ದಿನದ ಮಟ್ಟಿಗೆಂದು ಪುಸ್ತಕ ಕೇಳಿ ತಂದಿದ್ದರು. ಮೂರನೆಯ ದಿನ ಬಸ್ಸಿನಲ್ಲೇ ಕುಸಿದರು.

ಎಂಟು ಗಂಟೆಗೆ ದೊಡ್ಡ ಮೇಡಂ ಫೋನ್ ಮಾಡಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಕರೆಯುವುದು ಹಾಗೆಯೇ. ಊಟ, ನಿದ್ದೆ, ಅತ್ತೆಯ ಆರೋಗ್ಯ ಎಂದು ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದರು. ಹನ್ನೊಂದು ಗಂಟೆಗೆ ಇಲಾಖೆಯ ಅಧಿಕಾರಿ ಬರುತ್ತಾರೆ. ಐದನೆಯ ತರಗತಿಯ ಸರಾಸರಿ ಅಂಕ ನಲವತ್ತೈದಕ್ಕಿಂತ ಕಡಿಮೆಯಿರುವ ಶಾಲೆಗಳನ್ನು ಮುಚ್ಚಿ ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರೆ. ನಮ್ಮದು ಮೂವತ್ತೊಂಬತ್ತು.

"ನಿಮ್ಮನೆಯವರು ಹೇಳ್ತಿದ್ದಿದ್ದೇ ಸರಿ ಕಣಮ್ಮ. ಬಿಟ್ಟುಹೋದ ಮಕ್ಕಳ ಹೆಸರು ಹೊಡೆದುಹಾಕಿಬಿಡ್ತೀನಿ. ಪುಸ್ತಕ ತಂದುಕೊಡಿ."

ಹನ್ನೊಂದು ವರ್ಷದಿಂದ ಯಾರು ಹೇಳಿದರೂ ಜಪ್ಪಯ್ಯ ಎನ್ನದ ಹೆಂಗಸು ಅವರು. ಈ ವಿಷಯಕ್ಕೇ ಅವರಿಗೂ ನನ್ನ ಗಂಡನಿಗೂ ತಿಂಗಳಿಗೊಮ್ಮೆ ಜಗಳವಾಗುತ್ತಿತ್ತು.

ಪುಸ್ತಕ ತೆರೆದೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಶಾಲೆಯ ಲೆಕ್ಕ ಒಂದಿಷ್ಟು ನೋಡಿಕೊಡು ಎಂದು ನನ್ನ ಗಂಡ ಎರಡು ಸಲ ಕೇಳಿದ್ದರು. ಆಮೇಲೆ ನೋಡೋಣ ಎಂದಿದ್ದೆ.

ಐದನೆಯ ತರಗತಿಯಲ್ಲಿ ಅರವತ್ತೊಂದು ಹೆಸರು. ಮನೆಮಾತಿನ ಸಾಲಿನಲ್ಲಿ ಏಳು ಭಾಷೆ. ಅಪ್ಪ ಅಮ್ಮಂದಿರ ಸಾಲಿನಲ್ಲಿ ಗಾರೆ, ಇಟ್ಟಿಗೆ, ಬಣ್ಣ, ಕಾವಲು, ಮನೆಗೆಲಸ, ಲಾರಿ. ಕಟ್ಟಡ ಮುಗಿದರೆ ಇವರೂ ಊರು ಬಿಟ್ಟು ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೆ. ಹಾಗೆ ಹೋದವರು ಹತ್ತೊಂಬತ್ತು ಮಕ್ಕಳು. ಹೆಸರು ಹೊಡೆದರೆ ಮತ್ತೆ ಸೇರಲು ಜನನ ಪತ್ರ, ವರ್ಗಾವಣೆ ಪತ್ರ ಎಲ್ಲ ಬೇಕು. ಹೆಸರಿದ್ದರೆ ಮಗು ಸುಮ್ಮನೆ ಬಂದು ಕೂರಬಹುದು. ಅದಕ್ಕೇ ದೊಡ್ಡ ಮೇಡಂ ಹೊಡೆದಿರಲಿಲ್ಲ. ಪುಸ್ತಕದೊಳಗೆ ಮಡಚಿಟ್ಟಿದ್ದ ಅಂಕಪಟ್ಟಿಯಲ್ಲಿ ಇಲಾಖೆ ಆ ಹತ್ತೊಂಬತ್ತು ಹೆಸರಿನ ಮುಂದೆ ಸೊನ್ನೆ ಬರೆದು ಭಾಗಿಸಿತ್ತು. ಪರೀಕ್ಷೆ ಬರೆದ ನಲವತ್ತೆರಡು ಮಕ್ಕಳ ಸರಾಸರಿ ಐವತ್ತೇಳು.

ಹತ್ತೊಂಬತ್ತು ಗೆರೆ ಎಳೆದರೆ ಶಾಲೆ ಉಳಿಯುತ್ತದೆ. ಇದರಲ್ಲಿ ಯೋಚಿಸುವಂಥದ್ದು ನನಗೇನೂ ಕಾಣಲಿಲ್ಲ.

ಆದರೆ ಆ ಹತ್ತೊಂಬತ್ತು ಹೆಸರಿನ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಫೋನ್ ನಂಬರು ಬರೆದಿತ್ತು. ನನ್ನ ಗಂಡನದೇ ಅಕ್ಷರ. ಕೆಲವಕ್ಕೆ ತಿಂಗಳ ಹೆಸರೂ ಇತ್ತು. ಅವರ ಫೋನನ್ನು ಅತ್ತೆ ದಿನಾ ಚಾರ್ಜಿಗೆ ಹಾಕುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಅದರಿಂದಲೇ ಮೊದಲನೆಯ ನಂಬರಿಗೆ ಹಚ್ಚಿದೆ.

ನಾನು ಬಾಯಿ ತೆರೆಯುವ ಮೊದಲೇ ಒಬ್ಬ ಹೆಂಗಸು ಶುರುಮಾಡಿದಳು. ಹಿಂದೆ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು.

"ಮೇಷ್ಟ್ರೇ, ಬರ್ತೀವಿ ಅಂದ್ನಲ್ಲ. ಮುಂದಿನ ತಿಂಗಳು ಇಲ್ಲಿ ಕೆಲಸ ಮುಗಿಯುತ್ತೆ. ಇವಳು ಮಗ್ಗಿ ಮರ್ತಿಲ್ಲ, ದಿನಾ ನನ್ನ ತಲೆ ತಿಂತಾಳೆ. ಹೆಸರು ಮಾತ್ರ ಹೊಡೀಬೇಡಿ."

"ಹೊಡಿಯಲ್ಲ" ಎಂದೆ.

"ನೀವ್ಯಾರು?"

"ಮೇಷ್ಟ್ರ ಮನೆಯವಳು."

"ಓ, ಅಕ್ಕ. ಅವರಿಗೆ ಹೇಳಿಬಿಡಿ."

ಆಗಲಿ ಎಂದೆ. ಫೋನ್ ಇಟ್ಟೆ. ಹೆಸರು ಹೊಡೆಯುವ ಜಗಳದಲ್ಲಿ ತಾವೇ ಸೋತ ಸುದ್ದಿಯನ್ನು ನನ್ನ ಗಂಡ ದೊಡ್ಡ ಮೇಡಂಗೆ ಇನ್ನೂ ಹೇಳಿರಲಿಲ್ಲ.

ಇನ್ನು ಎರಡು ಗಂಟೆಯಿತ್ತು. ಒಂದು ಹಾಳೆ ತೆಗೆದುಕೊಂಡು ನಲವತ್ತೆರಡು ಮಕ್ಕಳನ್ನು ಎರಡು ಮಾಡಿದೆ. ಈಚೆಗೆ ಸೇರಿದವರು ಹದಿನೇಳು, ಸರಾಸರಿ ನಲವತ್ತೊಂದು. ಈ ಶಾಲೆಯಲ್ಲಿ ಒಟ್ಟು ಮೂರು ವರ್ಷವಾದರೂ ಕೂತವರು ಇಪ್ಪತ್ತೈದು, ಸರಾಸರಿ ಅರವತ್ತೆಂಟು. ತಪ್ಪಾಗಿರಬೇಕೆಂದು ಮತ್ತೆ ಕೂಡಿದೆ. ಅರವತ್ತೆಂಟೇ. ಆ ಇಪ್ಪತ್ತೈದರಲ್ಲಿ ಹನ್ನೊಂದು ಮಕ್ಕಳು ನಡುವೆ ಒಮ್ಮೆ ಬಿಟ್ಟುಹೋಗಿ ಮರಳಿದವರು. ಹೋದಾಗ ಹೆಸರು ಹೊಡೆದಿದ್ದರೆ ಅವರು ಪರೀಕ್ಷೆಗೇ ಇರುತ್ತಿರಲಿಲ್ಲ. ಓದುವ ಕಾಲದಲ್ಲಿ ಎಷ್ಟೋ ಶಾಲೆಗಳ ಅಂಕಿ ನೋಡಿದ್ದೇನೆ. ಇಂಥದ್ದು ನೋಡಿರಲಿಲ್ಲ.

ಶಾಲೆಗೆ ಹೋದಾಗ ಅಧಿಕಾರಿ ಆಗಲೇ ಬಂದು ಕೂತಿದ್ದರು. ಐದು ತರಗತಿಗೆ ನಾಲ್ಕು ಕೋಣೆ. ನನ್ನ ಗಂಡನ ತರಗತಿಯನ್ನು ಜಗಲಿಯಲ್ಲಿ ಕೂರಿಸಿದ್ದರು. ಮೇಷ್ಟ್ರಿರಲಿಲ್ಲ, ಗದ್ದಲವೂ ಇರಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಹಲಗೆಯ ಮೇಲಿನ ಲೆಕ್ಕವನ್ನು ಹೊಸದಾಗಿ ಸೇರಿದವಳಿಗೆ ಇನ್ನಾವುದೋ ಭಾಷೆಯಲ್ಲಿ ಹೇಳಿಕೊಡುತ್ತಿದ್ದಳು. ಹೊಸಬಳು ತಪ್ಪಿದಾಗ ಇವಳು ಹಣೆ ಚಚ್ಚಿಕೊಂಡು ಮೊದಲಿಂದ ಶುರುಮಾಡಿದಳು. ನನ್ನ ಗಂಡ ಹಣೆ ಚಚ್ಚಿಕೊಳ್ಳುತ್ತಿದ್ದುದು ಹಾಗೆಯೇ.

ಒಳಗೆ ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದು ಕೈ ಚಾಚಿದರು. ನಾನು ಪುಸ್ತಕ ಕೊಡಲಿಲ್ಲ. ನನ್ನ ಹಾಳೆಯನ್ನು ಅಧಿಕಾರಿಯ ಮುಂದಿಟ್ಟೆ.

ಅವರು ನಿಧಾನವಾಗಿ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಏನೂ ಇರಲಿಲ್ಲ.

"ನಮ್ಮ ಫಾರಂನಲ್ಲಿ ಒಂದೇ ಕಾಲಂ ಇರೋದಮ್ಮ. ಅದರಲ್ಲಿ ನಾನು ಮೂವತ್ತೊಂಬತ್ತೇ ಬರೀಬೇಕು. ಇಲ್ಲಾಂದ್ರೆ ಇವರು ಹೆಸರು ಹೊಡೀಬೇಕು. ಈಗ ಹೊಡೆದರೂ ನಡೆಯುತ್ತೆ."

"ನಾನು ಒಬ್ಬರಿಗೆ ಮಾತು ಕೊಟ್ಟಿದೀನಿ" ಎಂದೆ. ಹೊಡೆಯಬೇಕು ಎನ್ನುತ್ತಿದ್ದ ನನ್ನ ಗಂಡ ಹತ್ತೊಂಬತ್ತು ಮನೆಗಳ ನಂಬರು ಹುಡುಕಿಟ್ಟದ್ದನ್ನು ಹೇಳಿ, ಪುಸ್ತಕ ತೆರೆದು ತೋರಿಸಿದೆ.

ದೊಡ್ಡ ಮೇಡಂ ಪೆನ್ಸಿಲ್ಲಿನ ಅಕ್ಷರಗಳನ್ನು ತುಂಬ ಹೊತ್ತು ನೋಡಿದರು. "ಕಳ್ಳ" ಎಂದರು. ಪೆನ್ನಿಗೆ ಮುಚ್ಚಳ ಹಾಕಿದರು. "ಮೂವತ್ತೊಂಬತ್ತೇ ಬರ್ಕೊಳ್ಳಿ ಸಾರ್."

ಅಧಿಕಾರಿ ಬರೆದರು. ಆಮೇಲೆ ಗುಂಡುಪಿನ್ನು ಕೇಳಿ ಪಡೆದು ನನ್ನ ಹಾಳೆಯನ್ನು ಫಾರಮ್ಮಿಗೆ ಚುಚ್ಚಿದರು. ಲಗತ್ತು ಇದ್ದ ಫಾರಂ ಮೇಲಿನವರ ವಿಚಾರಣೆಯಾಗದೆ ಇತ್ಯರ್ಥವಾಗುವುದಿಲ್ಲವಂತೆ. ಅಷ್ಟರಲ್ಲಿ ಈ ವರ್ಷ ಕಳೆಯುತ್ತದೆ, ಆಮೇಲಿನದು ತಮಗೂ ಗೊತ್ತಿಲ್ಲ ಎಂದರು. ವಿಚಾರಣೆಗೆ ಕರೆದರೆ ಬರುತ್ತೀರಾ ಎಂದು ನನ್ನನ್ನು ಕೇಳಿದರು. ಬರುತ್ತೇನೆ ಎಂದೆ.

ಅವರು ಹೋದ ಮೇಲೆ ದೊಡ್ಡ ಮೇಡಂ ಬೀರುವಿನ ಬಾಗಿಲು ತೆಗೆದರು. ಎರಡು ದಿನದ ಮಟ್ಟಿಗೆಂದು ನನ್ನ ಗಂಡ ಒಯ್ದಿದ್ದ ಪುಸ್ತಕವನ್ನು ನಾನು ಅವರ ಕೈಗೆ ಕೊಟ್ಟೆ.