ಟೈಲರಮ್ಮನ ಅಳತೆ

ಗಂಡ ಟೇಪಿನ ತುದಿಯನ್ನು ಹೆಂಡತಿಯ ನೆತ್ತಿಗೆ ತಾಗಿಸಿ ಹಿಡಿದು, ಉಳಿದದ್ದನ್ನು ಹಿಮ್ಮಡಿಯವರೆಗೆ ಎಳೆಯಲು ಹೋದ. ಕೈ ಸಾಲಲಿಲ್ಲ. ಮಗಳು ಬಂದು ಕಾಲಿನ ಕಡೆ ಕೂತಳು.

"ಅಪ್ಪ, ಇದು ಅಮ್ಮನ ಟೇಪು."

"ಗೊತ್ತು."

"ಗೊತ್ತಿದ್ದೂ ಇದರಲ್ಲೇ ಅಳೀತಿದೀಯಾ?"

"ಮನೇಲಿ ಬೇರೆ ಎಲ್ಲಿದೆ? ಬೇರೆ ಟೇಪು ಈ ಹೊಸಿಲು ದಾಟೋಕೆ ಅವಳು ಬಿಟ್ಟಿದ್ದಾಳಾ?"

ಐವತ್ತೆಂಟು ಇಂಚು ಬಂತು. ಶವಪೆಟ್ಟಿಗೆ ಮಾಡುವ ಬಡಗಿ ಊರಿನ ಆ ತುದಿಯಲ್ಲಿದ್ದ. ಉದ್ದ ಎಷ್ಟೆಂದು ಫೋನಿನಲ್ಲಿ ಹೇಳಿದರೆ ಮಧ್ಯಾಹ್ನಕ್ಕೆ ತಂದುಕೊಡುತ್ತೇನೆ ಎಂದಿದ್ದ. ಗಂಡ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದ.

*

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಸಂಸಾರ. ಬಟ್ಟೆ ಬಿಚ್ಚಿ ಹೊಲಿಯುವ ಹಾಗೆ ಮನೆಯನ್ನೂ ಬಿಚ್ಚಿ ಹೊಲಿಯುವುದು ಅವಳ ಚಟವಾಗಿತ್ತು. "ಈ ಗೋಡೇನ ಒಂಚೂರು ಒಳಗೆ ಹಿಡಿಯೋಣ" ಎನ್ನುವಳು. ಮರುವಾರ ಗಾರೆಯವರು ಬಂದಿರುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಗಂಡ ಮದುವೆಯಾದದ್ದು ಒಂದೇ ಸಲ, ಮನೆ ಕಟ್ಟಿಸಿದ್ದು ಹನ್ನೊಂದು ಸಲ. ಒಂದು ಸಲ ಅಡುಗೆಮನೆ ಒಡೆಸಿ ನಾಲ್ಕು ತಿಂಗಳು ಬಚ್ಚಲಲ್ಲಿ ಅಡುಗೆ ನಡೆಯಿತು. ಸ್ನಾನಕ್ಕೆ ಹೋದವರು ಒಗ್ಗರಣೆಯ ವಾಸನೆ ಹೊತ್ತು ಬರುತ್ತಿದ್ದರು.

ಎಲ್ಲ ಅಳತೆಯೂ ಅವಳ ಕೊರಳಲ್ಲಿ ತೂಗುತ್ತಿದ್ದ ಹಳೇ ಟೇಪಿನದೇ. ಎಳೆದೂ ಎಳೆದೂ ಅದು ಹಿಗ್ಗಿಹೋಗಿತ್ತು. ಐದಡಿಯ ಜಾಗ ಅದರಲ್ಲಿ ಐವತ್ತೆಂಟೇ ಇಂಚು. ಬಡಗಿ ತನ್ನ ಸ್ಟೀಲ್ ಟೇಪಿನಲ್ಲಿ ಐವತ್ತೆಂಟಕ್ಕೆ ಹಲಗೆ ಕುಯ್ದರೆ ಗೋಡೆಗೂ ಹಲಗೆಗೂ ನಡುವೆ ಎರಡು ಬೆರಳು ಸಂದಿ. ಆ ಮನೆಯ ಕಪಾಟು, ಮಂಚ, ಬಾಗಿಲು, ಯಾವುದಕ್ಕೂ ಆ ಸಂದಿ ತಪ್ಪಲಿಲ್ಲ.

"ಟೇಪು ಬದಲಾಯಿಸು ಮಾರಾಯ್ತಿ" ಎಂದರೆ ಕೇಳುತ್ತಿರಲಿಲ್ಲ.

"ಇದರಲ್ಲಿ ಅಳೆದು ಹೊಲಿದ ಅಂಗಿ ಯಾರಿಗೆ ಬಿಗಿಯಾಗಿದೆ, ಒಬ್ಬರನ್ನ ಕರ್ಕೊಂಡು ಬನ್ನಿ."

ಯಾರಿಗೂ ಆಗಿರಲಿಲ್ಲ. ಮೈಯನ್ನೂ ಬಟ್ಟೆಯನ್ನೂ ಒಂದೇ ಟೇಪಿನಲ್ಲಿ ಅಳೆದರೆ ತಪ್ಪು ತಾನೇ ಸರಿಹೋಗುತ್ತದೆ. ಹಲಗೆಯ ವಿಷಯ ಬೇರೆ ಎಂದು ಹೇಳಿ ಗಂಡ ಸೋತ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಆಮೇಲೆ ಅವನು ಮನೆಗೆ ಬಂದವರಿಗೆಲ್ಲ ಸಂದಿಯೊಳಗೆ ಎರಡು ಬೆರಳು ತೂರಿಸಿ ತೋರಿಸುತ್ತಿದ್ದ. "ನಮ್ಮನೆಯವಳ ಅಳತೆ ನೋಡಿ." ಬಂದವರು ನಗುತ್ತಿದ್ದರು. ಅವಳು ಯಂತ್ರದ ಮುಂದೆ ಕೂತು ದಾರಕ್ಕೆ ಗಂಟು ಹಾಕುತ್ತಿದ್ದಳು.

*

ಹನ್ನೆರಡಕ್ಕೆಲ್ಲ ಮನೆ ತುಂಬಿತು. ಗಂಡನಿಗಿದ್ದದ್ದು ಒಂದೇ ದಿಗಿಲು. ಪೆಟ್ಟಿಗೆಯೂ ಎರಡು ಬೆರಳು ಕಮ್ಮಿ ಬಂದು ಇಷ್ಟು ಜನರೆದುರು ಅವಳ ಮೊಣಕಾಲು ಮಡಚಬೇಕಾಗಿ ಬಂದರೆ? ಮೂವತ್ತು ವರ್ಷ ಜನರನ್ನು ನಗಿಸಿದವನು ತಾನೇ. ಇವತ್ತು ಯಾರಾದರೂ ತುಟಿಯಂಚಿನಲ್ಲಿ ನಕ್ಕರೂ ಅದನ್ನು ತಾಳಲಾರೆ ಎನಿಸಿತು.

ಬಡಗಿ ಗಾಡಿಯಿಂದ ಇಳಿದ. ಓಣಿಯಂಥ ನಡುಮನೆಯ ತಿರುವಿನಲ್ಲಿ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಳಕೋಣೆಗೆ ತಂದರು. ಟೈಲರಮ್ಮನನ್ನು ಎತ್ತಿ ಮಲಗಿಸಿದರು. ತಲೆ ಸರಿಯಾಗಿ ಕೂತಿತು. ಪಾದದ ಆಚೆ ಒಂದು ಮೊಳ ಜಾಗ ಖಾಲಿ ಉಳಿಯಿತು.

"ಏನಯ್ಯಾ ಇದು, ಇಬ್ಬರಿಗೆ ಮಾಡಿದ ಹಾಗಿದೆ" ಎಂದ ಟೈಲರಮ್ಮನ ತಮ್ಮ, ಬಡಗಿಗೆ ಮಾತ್ರ ಕೇಳುವಂತೆ.

ಬಡಗಿ ತಲೆ ಕೆರೆದುಕೊಂಡ. "ಅಮ್ಮಾವ್ರ ಟೇಪಲ್ವಾ ಸಾರ್. ಯಾವುದಕ್ಕೂ ಇರಲಿ ಅಂತ ಒಂದು ಗೇಣು ಸೇರಿಸಿದೆ."

ಗಂಡ ನೆಲ ನೋಡಿದ. "ನಾನೂ ಅರ್ಧ ಅಡಿ ಸೇರಿಸೇ ಹೇಳಿದ್ದೆ."

"ಅಯ್ಯೋ ಅಪ್ಪ" ಎಂದಳು ಮಗಳು. "ನೀನು ಬರೀ ಐವತ್ತೆಂಟು ಅಂದಿರ್ತೀಯ ಅಂದ್ಕೊಂಡು, ಆಮೇಲೆ ನಾನೂ ಫೋನ್ ಮಾಡಿ ಅರ್ಧ ಅಡಿ ಜಾಸ್ತಿ ಇಡಿ ಅಂದೆ."

ತಮ್ಮ ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡ. ಮಗಳು ದಿಂಬು ತರಲು ಎದ್ದಳು.

"ಬೇಡ, ಹಾಗೇ ಇರಲಿ" ಎಂದ ಗಂಡ. "ಅವಳಿಗೆ ಯಾವತ್ತು ಜಾಗ ಸಾಕಾಗಿತ್ತು?"

*

ಹನ್ನೊಂದನೆಯ ಸಲ ಒಡೆಸಿದ್ದು ನಡುಮನೆಯನ್ನು. ಹೊಲಿಗೆ ಕೋಣೆ ಸಾಲದು ಎಂದು ನಡುಮನೆಯ ಗೋಡೆಯನ್ನು ಒಳಗೆ ಸರಿಸಿದಳು. ನಡುಮನೆ ಓಣಿಯಾಯಿತು, ಓಣಿಗೊಂದು ಮೊಣಕೈಯಂಥ ತಿರುವು ಬಂತು. ಗಾರೆ ಒಣಗಿದ ದಿನ ಗಂಡ ಕೈಗಳೆರಡನ್ನೂ ಚಾಚಿ ಎರಡೂ ಗೋಡೆ ಮುಟ್ಟಿ ತೋರಿಸಿದ.

"ಇಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಹಿಂದೆ ಹೋಗಬೇಕು."

"ಹೋಗಿ. ಯಾರು ಬೇಡ ಅಂದ್ರು?" ಎಂದು ಅವಳು ಅವನನ್ನು ಒತ್ತಿಕೊಂಡೇ ದಾಟಿಹೋದಳು. ಮೈಯಿಂದ ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು. ಆ ದಿನ ಅವನಿಗೆ ಓಣಿಯ ಮೇಲೆ ಅಷ್ಟೇನೂ ಸಿಟ್ಟು ಉಳಿಯಲಿಲ್ಲ.

*

ಮುಚ್ಚಳವನ್ನು ಅಂಗಳದಲ್ಲಿ ಹಾಕುವುದೆಂದಾಯಿತು. ನಾಲ್ವರು ಹೊತ್ತರು. ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಅಷ್ಟುದ್ದದ್ದು ಮಲಗಿಕೊಂಡು ತಿರುಗುವಂತಿರಲಿಲ್ಲ.

"ಅಕ್ಕನ್ನ ಅಂಗಳಕ್ಕೆ ತಂದು ಅಲ್ಲೇ ಪೆಟ್ಟಿಗೇಲಿ ಇಡಬೇಕಿತ್ತು" ಎಂದ ತಮ್ಮ.

"ಕೆಟ್ಟ ಮೇಲೆ ಬುದ್ಧಿ ಬಂತು ಬಿಡಿ" ಎಂದ ಬಡಗಿ. "ತಲೆ ಕಡೆ ಮೇಲೆತ್ತಿ, ಕಾಲು ಕಡೆ ಇಳಿಸಿ. ನಿಧಾನ. ಬೇರೆ ದಾರಿ ಇಲ್ಲ."

ಪೆಟ್ಟಿಗೆ ಓರೆಯಾಯಿತು. ಒಳಗೆ ಬಟ್ಟೆ ಸರಿದ ಸದ್ದಾಯಿತು, ಅವಳು ಕಾಲ ಕಡೆಗೆ ಜಾರತೊಡಗಿದ್ದಳು.

"ತಡೀರಿ" ಎಂದ ಗಂಡ.

ಹೊತ್ತವರ ತೋಳಿನ ಕೆಳಗೆ ತೂರಿ, ಗೋಡೆಗೆ ಭುಜ ಆನಿಸಿ ಪೆಟ್ಟಿಗೆಯ ಕಾಲ ಕಡೆ ಕೂತ. ಖಾಲಿ ಉಳಿದಿದ್ದ ಜಾಗಕ್ಕೆ ಎರಡೂ ಕೈ ಇಳಿಬಿಟ್ಟು ಅವಳ ಪಾದಗಳನ್ನು ಅಂಗೈಯಲ್ಲಿ ತಡೆದು ಹಿಡಿದ.

"ಈಗ ಎತ್ತಿ."

ಅವರು ಎತ್ತಿದರು. ಅವಳ ಭಾರವೆಲ್ಲ ಅವನ ಕೈಗೆ ಬಂತು. ಅವನು ಕುಕ್ಕರುಗಾಲಲ್ಲೇ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾ ಅವಳನ್ನು ತಿರುವು ದಾಟಿಸಿದ.